ಮೂವತ್ತು ಮೀಟರ್ ಕೆಳಗಿನ ಮಗ್ಗಿ

ಅಕ್ಕಾ,

ನೆಗಡಿ ಬಿಟ್ಟಿದೆ, ಕಿವಿನೋವಿಲ್ಲ. ಇದನ್ನು ಮೊದಲು ಬರೆಯದಿದ್ದರೆ ನೀನು ಮುಂದೆ ಓದುವವಳಲ್ಲ.

ನೀರಿನ ಆಳಕ್ಕೆ ಇಳಿದವರಿಗೆ ಸಾರಜನಕದಿಂದ ಮತ್ತೇರುವಂತೆ ಆಮ್ಲಜನಕದಿಂದಲೂ ಏರುತ್ತದೆಯೇ ಎಂದು ಕೇಳಿದ್ದೆಯಲ್ಲ? ಆಮ್ಲಜನಕ ಹೆಚ್ಚು ಬೆರೆಸಿದ ಗಾಳಿಯಲ್ಲಿ ತಲೆ ತಿಳಿಯಾಗಿರುತ್ತದೆ ಎಂದು ಇಲ್ಲಿಯ ಡೈವರ್‌ಗಳೆಲ್ಲ ಹೇಳುತ್ತಾರೆ. ನಾನೂ ನಂಬಿದ್ದೆ. ಮುಂದಿನ ವಾರ ಮೂವತ್ತು ಮೀಟರ್ ಕೆಳಗೆ ವೆಲ್ಡಿಂಗ್ ಇದೆ. ಬರೀ ನಂಬಿಕೆ ಸಾಲದೆಂದು ಇವತ್ತು ಪರೀಕ್ಷೆಗೆ ಕೂತೆ.

ಲಾರಿ ಟ್ಯಾಂಕಿನಂಥ ಕಬ್ಬಿಣದ ಕೋಣೆ. ಒಳಗೆ ಮೂವತ್ತು ಮೀಟರ್ ಆಳದಷ್ಟೇ ಒತ್ತಡ ಏರಿಸಿ, ಒಮ್ಮೆ ಮಾಮೂಲಿ ಗಾಳಿ, ಒಮ್ಮೆ ಆಮ್ಲಜನಕ ಹೆಚ್ಚಿರುವ ಗಾಳಿ ಕೊಟ್ಟರು. ಯಾವುದು ಯಾವಾಗ ಎಂದು ಹೇಳಲಿಲ್ಲ. ಸ್ಲೇಟಿನಲ್ಲಿ ಹದಿನೇಳರ ಮಗ್ಗಿ ಬರೆಯಬೇಕು, ನೀನು ಕಿವಿ ಹಿಂಡಿ ಕಲಿಸಿದ್ದು. ಎರಡು ಸಲವೂ ಹದಿನೇಳೆಂಟ್ಲ ನೂರ ಅರವತ್ತಮೂರು ಎಂದು ಬರೆದೆ! ಡಾಕ್ಟರು ಗಾಜಿನಾಚೆಯಿಂದ ಮೈಕಿನಲ್ಲಿ, "ಇನ್ನೊಂದ್ಸಲ ನೋಡಮ್ಮ" ಎಂದರೆ, "ನಮ್ಮಕ್ಕ ಕಲಿಸಿದ್ದು, ತಪ್ಪಾಗಲ್ಲ" ಎಂದು ದಪ್ಪಕ್ಷರದಲ್ಲಿ ಬರೆದು ತೋರಿಸಿದೆನಂತೆ.

ಹೊರಗೆ ಬಂದು, "ಹಾಗಾದ್ರೆ ಆಮ್ಲಜನಕಕ್ಕೂ ಮತ್ತೇರುತ್ತಾ?" ಎಂದು ಡಾಕ್ಟರನ್ನು ಕೇಳಿದೆ.

"ಅದಿನ್ನೂ ಇತ್ಯರ್ಥ ಆಗಿಲ್ಲ. ಏರುತ್ತೆ ಅಂತಲೇ ತಿಳ್ಕೊಂಡು ಇಳಿ" ಎಂದರು.

ಇಳಿಯುವುದಂತೂ ಇಳಿಯುತ್ತೇನೆ. ಯಾವುದಾದ ಮೇಲೆ ಯಾವ ಕೆಲಸ ಎಂದು ದಡದಲ್ಲೇ ಸ್ಲೇಟಿನಲ್ಲಿ ಬರೆದುಕೊಂಡು ಅಷ್ಟನ್ನೇ ಮಾಡುತ್ತೇನೆ. ಕೆಳಗೆ ತಲೆಗೆ ಹೊಳೆದದ್ದೇನನ್ನೂ ಮಾಡುವುದಿಲ್ಲ. ಮೊದಲ ಸಾಲು ಬರೆದಾಯಿತು: ಹದಿನೇಳೆಂಟ್ಲ ನೂರ ಮೂವತ್ತಾರು. ಕೆಳಗೆ ಹೋದಮೇಲೆ ಅದು ತಪ್ಪೆನ್ನಿಸಿತೋ, ಆ ಕ್ಷಣವೇ ಮೇಲೆ ಬರುತ್ತೇನೆ.

ಕಾಗದದಲ್ಲಿ ಜಾಗ ಮುಗಿಯಿತು.
ನಿನ್ನ ತಂಗಿ