ಉಸಿರಿಗೊಂದು ಬಿರಡೆ

ಭಾನುವಾರ, ಮಧ್ಯಾಹ್ನ
ಆಸ್ಪತ್ರೆಯ ಎದುರಿನ ಕೋಣೆ

ಮಗನೇ,

ನಿನಗೆ ಅಮ್ಮನ ಆಶೀರ್ವಾದ. ಇತ್ತ ಎಲ್ಲರೂ ಕ್ಷೇಮ ಎಂದು ಬರೆದು ಶುರುಮಾಡುವುದು ವಾಡಿಕೆ. ಎಲ್ಲರೂ ಬದುಕಿದ್ದೇವೆ, ಸದ್ಯಕ್ಕೆ ಅಷ್ಟನ್ನೇ ಕ್ಷೇಮ ಎಂದುಕೋ. ಕಾಗದ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಕೂತರೆ ಕಣ್ಣು ಎಳೆಯುತ್ತದೆ, ಮಲಗಿದರೆ ನಿದ್ದೆ ಹತ್ತುವುದಿಲ್ಲ. ಈ ವಯಸ್ಸಿನಲ್ಲಿ ಬಾಣಂತನ ಮಾಡುವುದು ಕಷ್ಟ ಎಂದು ಹೇಳಿದವರು ಬೇಕಾದಷ್ಟು ಜನ. ಬಾಣಂತನಕ್ಕೂ ಮುಂಚಿನ ಈ ಕಾವಲು ಅದಕ್ಕಿಂತ ಕಷ್ಟ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ನಿನ್ನ ಹಡಗು ಮುಂದಿನ ಬಂದರು ಮುಟ್ಟುವ ಹೊತ್ತಿಗೆ ಕಾಗದ ಅಲ್ಲಿಗೆ ಬಂದಿರುತ್ತದೆ ಎಂದು ಕಂಪನಿಯ ಗುಮಾಸ್ತರು ಮಾತು ಕೊಟ್ಟಿದ್ದಾರೆ. ನಡುನೀರಿನಲ್ಲಿ ನಿನಗೆ ಫೋನು ಸಿಗುವುದಿಲ್ಲ, ಸಿಕ್ಕಿದಾಗಲೂ ಅರ್ಧ ಮಾತು ಇಂಜಿನ್ನಿನ ಸದ್ದಿಗೇ ಹೋಗುತ್ತದೆ. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ, ತಾಳ್ಮೆಯಿಂದ ಓದು.

ಮಗುವಿನ ಎದೆಗೂ ಹೊಟ್ಟೆಗೂ ನಡುವಿನ ಪರದೆಯಲ್ಲಿ ತೂತಿದೆ, ಕರುಳೆಲ್ಲ ಮೇಲಕ್ಕೆ ನುಗ್ಗಿ ಶ್ವಾಸಕೋಶಕ್ಕೆ ಬೆಳೆಯಲು ಜಾಗ ಬಿಟ್ಟಿಲ್ಲ ಎನ್ನುವುದು ನಿನಗೆ ಗೊತ್ತು, ಅದಕ್ಕೆ ಬಲೂನು ಹಾಕಿದ್ದನ್ನು ಫೋನಿನಲ್ಲಿ ಅರ್ಧಂಬರ್ಧ ಕೇಳಿದ್ದೀಯ. ನಾನು ಜೀವಮಾನವೆಲ್ಲ ಬಟ್ಟೆ ಹೊಲಿದವಳು. ತೂತಿದ್ದರೆ ಹೊಲಿದುಬಿಡಿ, ಬಲೂನು ಯಾಕೆ ಎಂದು ಡಾಕ್ಟರನ್ನು ಕೇಳಿಯೇಬಿಟ್ಟೆ. ಅವರು ಪಿಸುಮಾತಿನ ಡಾಕ್ಟರು. ಅವರು ಬಾಯಿ ತೆರೆದರೆ ನಾವು ಕುರ್ಚಿ ಎಳೆದುಕೊಂಡು ಹತ್ತಿರ ಹೋಗಬೇಕು. ಹೊಲಿಯುವುದು ಹುಟ್ಟಿ ಕೆಲವು ದಿನದ ಮೇಲೆ, ಆದರೆ ಅಲ್ಲಿಯವರೆಗೆ ಬದುಕಲು ಕೂಸಿಗೆ ಉಸಿರು ಬೇಕಲ್ಲ ಎಂದರು. ಹೊಟ್ಟೆಯೊಳಗಿರುವಾಗ ಮಗುವಿನ ಶ್ವಾಸಕೋಶ ತಾನೇ ನೀರು ಸುರಿಸುತ್ತದಂತೆ. ಗಾಳಿಯ ನಳಿಗೆಗೆ ಒಂದು ಪುಟ್ಟ ಬಲೂನನ್ನು ಬಿರಡೆಯ ಹಾಗೆ ಕೂರಿಸಿದರೆ ಆ ನೀರು ಹೊರಗೆ ಹೋಗದೆ ಒಳಗೇ ನಿಂತು ಶ್ವಾಸಕೋಶವನ್ನು ಹಿಗ್ಗಿಸುತ್ತದಂತೆ. ಉಸಿರಾಡಲಿ ಎಂದು ಉಸಿರಿನ ದಾರಿಯನ್ನೇ ಮುಚ್ಚುವ ವೈದ್ಯ. ನಾನು ತಲೆಯಾಡಿಸಿ ಬಂದೆ, ಅರ್ಥವಾದದ್ದು ಕೋಣೆಗೆ ಬಂದು ಟೀ ಕುಡಿದ ಮೇಲೆ.

ಆಪರೇಶನ್ ಆಗುವಾಗ ನಿನ್ನ ಹೆಂಡತಿಗೆ ಪೂರ್ತಿ ಎಚ್ಚರವಿತ್ತು. ಹೊಟ್ಟೆಯ ಮೇಲಿಂದ ಸೂಜಿಯಂಥ ನಳಿಗೆ ಇಳಿಸಿ, ಕೂಸಿನ ಬಾಯೊಳಗೆ ಹಾಯಿಸಿ, ಬಲೂನು ಕೂರಿಸಿ ಬಂದರು. ಕೂಸು ಮಿಸುಕಬಾರದು, ಅದಕ್ಕೆ ನೋಯಲೂಬಾರದು ಎಂದು ಅದಕ್ಕೇ ಬೇರೆ ಇಂಜೆಕ್ಷನ್ ಕೊಟ್ಟರಂತೆ. ಟೀವಿಯಲ್ಲಿ ಕೂಸಿನ ನಾಲಿಗೆ ಕಂಡಿತು ಅತ್ತೆ, ಥೇಟ್ ಇವರದ್ದೇ ತುಟಿ ಎಂದು ಹೇಳಿಕೊಂಡು ನಕ್ಕಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂದು ಜನ ನಗುತ್ತಿದ್ದರಲ್ಲ, ಇಲ್ಲಿ ಕೂಸು ಹುಟ್ಟುವ ಮುಂಚೆ ಆಪರೇಶನ್ನೇ ಮುಗಿದಿದೆ. ಹಾಗಾಗಿ ನಾನೂ ಧೈರ್ಯವಾಗಿ ಕುಲಾವಿ ಹೊಲಿಯುತ್ತಿದ್ದೇನೆ. ಹಳದಿ ಬಟ್ಟೆ, ಒಳಗೆ ಹತ್ತಿಯ ಅಸ್ತರಿ.

ಆದರೆ ಹಾಕಿದ ಬಿರಡೆಯನ್ನು ತೆಗೆಯಲೂಬೇಕು. ಶ್ವಾಸಕೋಶ ಸಾಕಷ್ಟು ಬೆಳೆದಮೇಲೆ ಅವರೇ ಮತ್ತೆ ಒಳಗೆ ಹೋಗಿ ತೆಗೆಯುತ್ತಾರೆ. ಅದಕ್ಕೂ ಮೊದಲೇ ಹೆರಿಗೆಯಾಗಿಬಿಟ್ಟರೆ ಕೂಸು ಹುಟ್ಟಿದ ಕೂಡಲೇ ಉಸಿರುಕಟ್ಟುತ್ತದೆ. ಅದಕ್ಕೇ ನಾವು ಆಸ್ಪತ್ರೆಯಿಂದ ಒಂದು ರಸ್ತೆಗಿಂತ ದೂರ ಹೋಗುವಂತಿಲ್ಲ, ಅವಳನ್ನು ಒಬ್ಬಳನ್ನೇ ಬಿಡುವಂತಿಲ್ಲ. ಹೊಟ್ಟೆ ಬಿಗಿದರೆ, ಸೊಂಟ ಹಿಡಿದರೆ, ನೀರು ಹೋದರೆ ಆ ಕ್ಷಣವೇ ಬನ್ನಿ ಎಂದು ಹೇಳಿ, ಮಗುವಿನ ಗಂಟಲಲ್ಲಿ ಬಲೂನಿದೆ ಎಂದು ಕೆಂಪಕ್ಷರದಲ್ಲಿ ಬರೆದ ಕಾರ್ಡನ್ನು ಅವಳ ಕುತ್ತಿಗೆಗೆ ನೇತುಹಾಕಿದ್ದಾರೆ. ನೋವು ಬಂದರೆ ಶ್ವಾಸಕೋಶ ಬೆಳೆದಿರಲಿ ಬಿಡಲಿ, ಬಲೂನು ತೆಗೆಯಲೇಬೇಕಾಗುತ್ತದೆ ಎಂದೂ ಹೇಳಿದ್ದಾರೆ. ಅದು ಅಲ್ಲಿದ್ದಷ್ಟು ದಿನ ಲಾಭ. ಅವಳು ಆ ಕಾರ್ಡನ್ನು ಮಲಗುವಾಗಲೂ ತೆಗೆಯುವುದಿಲ್ಲ.

ಕೋಣೆ ಪರವಾಗಿಲ್ಲ. ಕೆಳಗೆ ಲಾಂಡ್ರಿ, ಅದರ ಯಜಮಾನಿಯೇ ಮನೆಯೊಡತಿ. ನಾವು ಲಾಂಡ್ರಿಯಮ್ಮ ಅನ್ನುತ್ತೇವೆ. ಆಸ್ಪತ್ರೆಯ ಹಾಸಿಗೆ ಬಟ್ಟೆಯೆಲ್ಲ ಇಲ್ಲೇ ಒಗೆಯುವುದು, ಹಗಲೆಲ್ಲ ನೆಲ ನಡುಗುತ್ತದೆ, ಸೋಪಿನ ಹಬೆ ಕಿಟಕಿಯಿಂದ ಒಳಗೆ ಬರುತ್ತದೆ. ಎರಡು ಮಂಚ, ಒಂದು ಒಲೆ, ಬಾಗಿಲು ಸರಿಯಾಗಿ ಕೂರದ ಬಚ್ಚಲು. ಲಾಂಡ್ರಿಯಮ್ಮನ ಬಾಯಿ ಸ್ವಲ್ಪ ಜೋರು, ಮನಸ್ಸು ಒಳ್ಳೆಯದು. ಆದರೆ ನಿನ್ನೆ ಮೊನ್ನೆಯಿಂದ ನೀರಿನ ವಿಷಯಕ್ಕೆ ನಮ್ಮ ಮೇಲೆ ಮುಖ ಊದಿಸಿಕೊಂಡಿದ್ದಾಳೆ. ತಪ್ಪು ನಮ್ಮದೇ. ನಿನ್ನ ಹೆಂಡತಿ ಬಚ್ಚಲಿಗೆ ಹೋದರೆ ನಲ್ಲಿ ಪೂರ್ತಿ ತಿರುಗಿಸಿ, ಬಕೆಟ್ ತುಂಬಿ ಹರಿದರೂ ನಿಲ್ಲಿಸುವುದಿಲ್ಲ. ನೀರೇನು ನಿಮ್ಮಪ್ಪನ ಮನೆಯದಾ ಎಂದು ನಾನೂ ಗದರಿಸಿದೆ. ಸೆಕೆ ಅತ್ತೆ ಎಂದಳು.

ಅದು ಬಿಟ್ಟರೆ ಅವಳ ಮೇಲೆ ದೂರಿಲ್ಲ. ಮೊದಮೊದಲು ಅಲ್ಲಿ ಹಿಡಿಯಿತು ಇಲ್ಲಿ ಹಿಡಿಯಿತು ಎಂದು ಹೇಳಿಕೊಳ್ಳುತ್ತಿದ್ದಳು. ನೀನು ಹಿಂದಿನ ಬಂದರಿನಿಂದ ಫೋನು ಮಾಡಿದೆಯಲ್ಲ, ಅವಳು ಫೋನು ಹಿಡಿದುಕೊಂಡು ಮೆಟ್ಟಿಲ ಮೇಲೆ ಹೋಗಿ ಕೂತು ಮಾತಾಡಿದಳು, ಆವತ್ತಿನಿಂದ ಗಟ್ಟಿಯಾಗಿದ್ದಾಳೆ. ನೋವು ಗೀವು ಎಂದು ಬಾಯೇ ಬಿಡುವುದಿಲ್ಲ. ನೀನೇನು ಮಂತ್ರ ಹಾಕಿದೆಯೋ ಕಾಣೆ. ಗಂಡನ ಒಂದು ಮಾತಿಗಿರುವ ಬೆಲೆ ಅತ್ತೆಯ ನೂರು ಮಾತಿಗಿಲ್ಲ, ಇರಲಿ. ಆಗಾಗ ಮಾತಿನ ನಡುವೆ ಸುಮ್ಮನಾಗಿ ಕಿಟಕಿಯ ಸರಳು ಹಿಡಿದುಕೊಂಡು ನಿಲ್ಲುತ್ತಾಳೆ. ಏನೇ ಎಂದರೆ ರಸ್ತೆ ನೋಡ್ತಿದೀನಿ ಅನ್ನುತ್ತಾಳೆ. ನಿನ್ನನ್ನು ನೆನೆಸಿಕೊಳ್ಳುತ್ತಾಳೆ ಎಂದು ನಾನೂ ಕೆದಕುವುದಿಲ್ಲ.

ಈಗ ಮತ್ತೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡಿದ್ದಾಳೆ. ಕೆಳಗಿನಿಂದ ಲಾಂಡ್ರಿಯಮ್ಮ ಕೂಗುವುದೊಂದು ಬಾಕಿ. ಬಕೆಟ್ ಬಿದ್ದ ಸದ್ದಾಯಿತು. ನೋಡಿ ಬಂದು ಮುಂದುವರಿಸುತ್ತೇನೆ.

ಗುರುವಾರ

ಮಗನೇ, ಈಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಅಡ್ಡಾದಿಡ್ಡಿಯಾದರೆ ಹೊಂದಿಸಿಕೊಂಡು ಓದು. ಮೊದಲೇ ಹೇಳಿಬಿಡುತ್ತೇನೆ, ಇಬ್ಬರೂ ಇದ್ದಾರೆ. ಹೆಣ್ಣುಮಗು.

ಆವತ್ತು ಬಚ್ಚಲ ಬಾಗಿಲು ತಳ್ಳಿದರೆ ಅವಳು ಬಕೆಟ್ ಉರುಳಿಸಿಕೊಂಡು ನೆಲದಲ್ಲಿ ಕೂತಿದ್ದಳು. ಒಂದು ಕೈ ನಲ್ಲಿಯ ಮೇಲೆ. ಟವೆಲನ್ನು ಬಾಯಿಗೆ ತುರುಕಿಕೊಂಡಿದ್ದಳು. ಆಗ ನನಗೆ ತಿಳಿಯಿತು, ನೀರು ಅವಳಿಗೆ ಬೇಕಾಗಿದ್ದುದು ಸೆಕೆಗಲ್ಲ, ನರಳಾಟ ನನಗೆ ಕೇಳಿಸದಿರಲಿ ಎಂದು. ನೋವು ಅದಕ್ಕೂ ಎರಡು ದಿನ ಮುಂಚಿನಿಂದಲೇ ಬಂದು ಹೋಗಿ ಮಾಡುತ್ತಿತ್ತು. ಅದು ಬಂದಾಗಲೆಲ್ಲ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ್ದಾಳೆ. ನಾನೋ, ಹೊರಗೆ ಕೂತು ನೀರಿನ ಲೆಕ್ಕ ಕೇಳುತ್ತಿದ್ದೆ. ಟವೆಲ್ ತೆಗೆದರೆ, “ಇನ್ನೊಂದು ವಾರ ಅತ್ತೆ, ಯಾರಿಗೂ ಹೇಳ್ಬೇಡಿ” ಎಂದಳು. ನೆಲದ ಮೇಲಿದ್ದದ್ದು ನಲ್ಲಿಯ ನೀರೊಂದೇ ಅಲ್ಲ ಎಂದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು.

ನಾನು ಕಿರುಚಿದೆನಂತೆ, ನೆನಪಿಲ್ಲ. ಲಾಂಡ್ರಿಯಮ್ಮ ಹತ್ತಿ ಬಂದವಳೇ ಅವಳ ಕಂಕುಳಿಗೆ ಕೈ ಹಾಕಿದಳು. ಇಬ್ಬರೂ ಸೇರಿ ಅವಳನ್ನು ಇಳಿಸಿ, ಆಸ್ಪತ್ರೆಗೆ ಬಟ್ಟೆ ಸಾಗಿಸುವ ತಳ್ಳುಗಾಡಿಯಲ್ಲಿ ಒಗೆದ ಹಾಸಿಗೆ ಬಟ್ಟೆಗಳ ಮೇಲೆ ಮಲಗಿಸಿದೆವು. ಲಾಂಡ್ರಿಯಮ್ಮ ರಸ್ತೆಯ ನಡುವೆ ನಿಂತು ಬಸ್ಸನ್ನೇ ನಿಲ್ಲಿಸಿದಳು. ಆಸ್ಪತ್ರೆಯ ಬಾಗಿಲಲ್ಲಿದ್ದ ಕಾವಲಿನವನು ಲಾಂಡ್ರಿ ಗಾಡಿ ಹಿಂಬದಿಯಿಂದ ಎಂದ. ಗಾಡಿಯಲ್ಲಿ ಮಲಗಿದ್ದ ಅವಳು ಕುತ್ತಿಗೆಯ ಕಾರ್ಡನ್ನು ಎತ್ತಿ ತೋರಿಸಿದಳು. 

ಪಿಸುಮಾತಿನ ಡಾಕ್ಟರು ಮನೆಯ ಚಪ್ಪಲಿಯಲ್ಲೇ ಓಡಿಬಂದರು. ಅವರ ಗಂಟಲಿಗೂ ಅಷ್ಟು ದೊಡ್ಡ ದನಿ ಇದೆಯೆಂದು ಆವತ್ತೇ ಗೊತ್ತಾದದ್ದು, ಗೋಡೆಯಾಚೆ ಕೂತ ನನಗೂ ಕೇಳಿಸಿತು. ಒಳಗಿರುವಾಗಲೇ ಬಲೂನು ತೆಗೆಯಲು ಹೊತ್ತು ಮೀರಿತ್ತು. ಹೊಟ್ಟೆ ಕೊಯ್ದು, ಕೂಸಿನ ತಲೆ ಹೊರಗೆ ತೆಗೆದು, ಹೊಕ್ಕುಳಬಳ್ಳಿ ಕತ್ತರಿಸದೆ ಹಾಗೆಯೇ ಹಿಡಿದುಕೊಂಡರಂತೆ. ಬಳ್ಳಿ ಇರುವಷ್ಟು ಹೊತ್ತು ಕೂಸಿಗೂ ತಾಯಿಯೇ ಉಸಿರಾಡುತ್ತಾಳೆ. ಆ ಹೊತ್ತಿನಲ್ಲಿ ಗಂಟಲಿಂದ ಬಿರಡೆ ತೆಗೆದು, ನಳಿಗೆ ಇಳಿಸಿ, ಆಮೇಲೆ ಬಳ್ಳಿ ಕತ್ತರಿಸಿದರು. ತೆಗೆದ ಬಲೂನನ್ನು ನನಗೆ ತೋರಿಸಿದರು. ಅದನ್ನು ಅಂಗಿಯ ಗುಂಡಿಯೆಂದು ಹೊಲಿದರೂ ಯಾರೂ ಗುರುತು ಹಿಡಿಯಲಾರರು, ಅಷ್ಟು ಚಿಕ್ಕದು.

ಕೂಸು ಗಾಜಿನ ಪೆಟ್ಟಿಗೆಯಲ್ಲಿದೆ. ಯಂತ್ರ ಗಾಳಿ ತುಂಬುತ್ತದೆ, ಎದೆ ಏರುತ್ತದೆ. ಬಲೂನು ಹಾಕದಿದ್ದರೆ ಇಷ್ಟೂ ಇರುತ್ತಿರಲಿಲ್ಲ, ಪೂರ್ತಿ ದಿನ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎನ್ನುತ್ತಾರೆ. ಸ್ವಲ್ಪ ಸುಧಾರಿಸಿದ ಮೇಲೆ ತೂತು ಹೊಲಿಯುತ್ತಾರಂತೆ. ಯಾವಾಗ ಎಂದರೆ ನೋಡೋಣ, ಬದುಕುತ್ತದಾ ಎಂದರೆ ಅದಕ್ಕೂ ನೋಡೋಣ. ನಾನು ಕೇಳುವುದನ್ನು ಬಿಟ್ಟಿದ್ದೇನೆ. ಕೂಸಿನ ತುಟಿ ನಿನ್ನದೇ, ಅವಳು ಹೇಳಿದ್ದು ಸುಳ್ಳಲ್ಲ. ಗಂಟಲಲ್ಲಿ ನಳಿಗೆ ಇರುವುದರಿಂದ ಅತ್ತರೂ ದನಿ ಬರುವುದಿಲ್ಲ. ಮುಖ ಮುದುಡಿ, ಬಾಯಿ ತೆರೆದು, ಮೈಯೆಲ್ಲ ಕೆಂಪಾಗಿ ಅಳುತ್ತದೆ, ಸದ್ದಿಲ್ಲ. ನೋಡಲಾಗುವುದಿಲ್ಲ ಮಗನೇ. ಕುಲಾವಿ ದೊಡ್ಡದಾಯಿತು, ಬಿಚ್ಚಿ ಮತ್ತೆ ಹೊಲಿಯಬೇಕು.

ಅವಳಿಗೆ ಬಹಳ ರಕ್ತ ಹೋಗಿತ್ತು, ಬೇರೆ ಕೊಟ್ಟಿದ್ದಾರೆ. ಜ್ವರ ಇವತ್ತು ಇಳಿದಿದೆ. ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋಗಿ ಕೂಸನ್ನು ತೋರಿಸಿದೆವು. ಅಳಲಿಲ್ಲ, ಮುಟ್ಟಲೂ ಇಲ್ಲ. ಪಕ್ಕದಲ್ಲಿ ನಿಂತಿದ್ದ ಡಾಕ್ಟರನ್ನು ಕೇಳಿದ್ದು ಒಂದೇ ಮಾತು.

“ಇನ್ನೊಂದು ವಾರ ತಡ್ಕೊಂಡಿದ್ರೆ ಸರಿ ಹೋಗ್ತಿತ್ತಾ?”

ಡಾಕ್ಟರು ಅವಳ ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಮತ್ತೆ ಅವರ ಹಳೆಯ ಪಿಸುದನಿ. “ತಡ್ಕೊಳ್ಳೋದಲ್ಲಮ್ಮ ನಿಮ್ಮ ಕೆಲಸ. ನೋಯ್ತಿದೆ ಅಂತ ಹೇಳೋದು. ಮೊದಲ ದಿನವೇ ಹೇಳಿದ್ರೆ ನಿಧಾನವಾಗಿ ಬಲೂನ್ ತೆಗೀತಿದ್ವಿ, ನೋವಿಗೂ ಔಷಧಿ ಕೊಡ್ತಿದ್ವಿ.”

ಅವಳು ತಲೆಯಾಡಿಸಿದಳು. ಆಗಿನಿಂದ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ಯಾಕೆ ಮುಚ್ಚಿಟ್ಟೆ ತಾಯಿ ಎಂದು ಕೇಳಿದರೆ ಹೊದಿಕೆಯನ್ನು ತಲೆಯವರೆಗೆ ಎಳೆದುಕೊಳ್ಳುತ್ತಾಳೆ. ಬಂದವರೆಲ್ಲ ಬಾಗಿಲಲ್ಲೇ ನಿಂತು ಮಗು ಹೇಗಿದೆ ಎನ್ನುತ್ತಾರೆ, ಹೋಗುತ್ತಾರೆ. ನಾನಾದರೂ ಇಷ್ಟು ದಿನ ಬೆಳಿಗ್ಗೆ ಎದ್ದು ಅವಳನ್ನು ಕೇಳುತ್ತಿದ್ದುದು ಕೂಸು ಆಡ್ತಾ ಎಂದೇ. ಲಾಂಡ್ರಿಯಮ್ಮ ಮಾತ್ರ ದಿನವೂ ಸಂಜೆ ಬಿಸಿ ಹಾಲು ತಂದು, ಅವಳ ಕಾಲು ಒತ್ತಿ ಹೋಗುತ್ತಾಳೆ. ನೀರಿನ ಸುದ್ದಿ ಎತ್ತಿಲ್ಲ.

ಇನ್ನು ನಿನಗೆ ಹೇಳುವುದೇನಿದೆ. ಇಂಜಿನ್ನಿನ ಕೆಲಸ, ಹುಷಾರು, ಹೊತ್ತಿಗೆ ಸರಿಯಾಗಿ ಉಣ್ಣು. ರಜೆ ಕೊಟ್ಟರೆ ಬಾ, ಕೊಡದಿದ್ದರೆ ಅವರ ಜೊತೆ ಜಗಳವಾಡಬೇಡ. ನನ್ನ ಸೊಂಟ ನೋವಿನ ಚಿಂತೆ ಬೇಡ, ಅದು ನನ್ನ ಜೊತೆಯಲ್ಲೇ ಬಂದದ್ದು, ನನ್ನ ಜೊತೆಯಲ್ಲೇ ಹೋಗುತ್ತದೆ. ಮೂರು ಜನಕ್ಕೂ ಸೇರಿಸಿ ನನ್ನ ಆಯಸ್ಸಿನಲ್ಲಿ ಒಂದಿಷ್ಟು ಸಿಗಲಿ ಎಂದು ಹರಸುತ್ತೇನೆ.

ನಿನ್ನ
ಅಮ್ಮ

ತಾ.ಕ. ಲಕೋಟೆ ಅಂಟಿಸಿ ಆಗಿತ್ತು, ಬಿಚ್ಚಿ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಕಂಪನಿಯವರು ನಿನ್ನ ಸಂದೇಶ ತಲುಪಿಸಿದರು. ‘ಮಗು ಹೇಗಿದೆ?’ ಅಷ್ಟೇ ಇತ್ತು. ಅದನ್ನು ಅವಳಿಗೆ ಓದಿ ಹೇಳಲಿಲ್ಲ, ನನ್ನ ಚೀಲದಲ್ಲಿದೆ.

ಆಮೇಲೆ ಅವಳನ್ನು ಎಬ್ಬಿಸಿ ಕೂರಿಸಿ, ಬೆನ್ನ ಹಿಂದೆ ಕೂತು ತಲೆ ಬಾಚುತ್ತಿದ್ದೆ. ಎದುರಿಗೆ ನನ್ನ ಮುಖ ಇರಲಿಲ್ಲವಲ್ಲ, ಅದಕ್ಕೇ ಇರಬೇಕು, ತಾನಾಗಿಯೇ ಮಾತಾಡಿದಳು. ಆವತ್ತು ಫೋನಿನಲ್ಲಿ ಸೊಂಟ ಹಿಡಿದ ಹಾಗಿದೆ ಎಂದು ಅವಳು ಹೇಳಿದಾಗ ನೀನು, “ಹೇಗಾದ್ರೂ ಮಾಡಿ ತಡ್ಕೋ, ಇಷ್ಟೆಲ್ಲ ಆದಮೇಲೆ ನಿನ್ನಿಂದ ಕೆಡಬಾರದು” ಅಂದೆಯಂತೆ. ನೀನು ಕೆಟ್ಟವನಲ್ಲ, ಹೆತ್ತವಳಿಗೆ ಗೊತ್ತು. ಅಷ್ಟು ದೂರದಲ್ಲಿರುವವನಿಗೆ ಬಾಯಿಗೆ ಬಂದದ್ದು ಅದು. ಅವಳೂ ದೂರು ಹೇಳಲಿಲ್ಲ, ನನ್ನ ಹತ್ತಿರ ಒಂದು ಉಪಕಾರ ಕೇಳಿದಳು.

“ಕಾಗದ ಬರೀತಿದ್ದೀರಲ್ಲ ಅತ್ತೆ. ಅವರು ಹೇಳಿದ ಹಾಗೇ ತಡ್ಕೊಂಡೆ ಅಂತ ಬರೀರಿ. ನಾನಾಗಿ ಬಾಯಿ ಬಿಡಲಿಲ್ಲ, ಬಕೆಟ್ ಬಿದ್ದು ಗೊತ್ತಾಯ್ತು ಅಂತ ಬರೀರಿ.”

ಬರೆದಿದ್ದೇನೆ.