ಊರಿನ ಕೆಮ್ಮಿಗೆ ಬೀಗ

ಕೌಲ್ ಬಜಾರ್, ಬಳ್ಳಾರಿ
12-8-74

ತಂಗಿ ವೀರಭದ್ರಮ್ಮಗ ಅಣ್ಣ ಉಜ್ಜಿನಪ್ಪ ಬರಿಯೋದು. ನಾನು ಆರಾಮ ಅದೀನಿ, ನೀನೂ ಮಕ್ಳೂ ಆರಾಮ ಇರ್ರಿ.

ನಮ್ಮೂರ ಪರವಾಗಿ ಆಸ್ಪತ್ರಿ ಕಮಿಟಿಗೆ ಬಂದೆನಲ್ಲ, ಇಲ್ಲೊಂದು ಕಬ್ಬಿಣದ ಬೀರುವಾ ಐತಿ. ಸಿರುಗುಪ್ಪ ಕಡಿ ಹಳ್ಳಿಗಳ ಕೆಮ್ಮು, ಜ್ವರ, ಬಾಣಂತನ ಎಲ್ಲಾ ಮನಿ ಮನಿ ಹೆಸರು ಹಚ್ಚಿ, ಚೀಟಿ ಮಾಡಿ ಅದರಾಗ ಇಟ್ಟಾರ. ಡಾಕ್ಟರು, ತಾಲೂಕು ಬೋರ್ಡಿನವರು, ಊರವರು ಕೂಡಿ ಅದನ್ನ ನೋಡಿಕೊಬೇಕಂತ. ಬೋರ್ಡಿನವ "ಚೀಟಿ ನಮಗೂ ಕೊಡ್ರಿ" ಅಂದ. ನನಗ ಸಿಟ್ಟು ನೆತ್ತಿಗೇರಿತು. "ಕ್ಷಯ ಇದ್ದ ಮನಿ ಹೆಸರು ಹೊರಗ ಬಿದ್ರ ಆ ಮನಿ ಹೆಣ್ಣಿಗೆ ಗಂಡು ನೀವು ತರ್ತೀರೇನು? ಅದಕ್ಕ ನಮ್ಮ ಮಂದಿ ಮನಿ ಮನಿಗೆ ಬರೋ ನರ್ಸಮ್ಮನ ಮುಂದ ಕೆಮ್ಮು ನುಂಗಿ ಕೂಡ್ತಾರ" ಅಂದೆ. ಡಾಕ್ಟರಮ್ಮ "ಯಜಮಾನ್ರು ಹೇಳೋದು ಖರೆ ಐತಿ" ಅಂದ್ಲು. ಎಲ್ಲಾರೂ ಒಪ್ಪಿದ್ರು. ಹೆಸರು ಬೀಗದಾಗ, ಬೋರ್ಡಿಗೆ ಎಷ್ಟು ಮಂದಿಗೆ ಯಾವ ರೋಗ ಅನ್ನೋ ಬರೇ ಲೆಕ್ಕ.

ಮೊಣಕಾಲಿಗೆ ಗುಳಿಗಿ ಕೊಟ್ಟಾರ, ನೋವು ಕಡಿಮಿ ಐತಿ. ಗುರುವಾರ ಬರ್ತೀನಿ.

ಲೇ ಪೋಸ್ಟ್ ಚಿನ್ನಪ್ಪ, ಓದದೆ ಒಂದು ಕಾರ್ಡೂ ಕೊಟ್ಟವನಲ್ಲ ನೀನು. ಈ ಸಲ ಬೈಯೋದಿಲ್ಲ. ಇನ್ನ ನರ್ಸಮ್ಮನ ಮುಂದ ಧೈರ್ಯವಾಗಿ ಕೆಮ್ರಿ ಅಂತ ಓಣಿ ತುಂಬ ಹೇಳಿಕೊಂತ ಹೋಗು.