ಸಾಫ್ ಮಾಡಿಬಿಟ್ಟ ಗರಗರ

ಕಾಂದಿವಲಿ, ಮುಂಬಯಿ
14 ಜುಲೈ 1991

ಪ್ರೀತಿಯ ತಿರುಮಲೇಶ ಅವರಿಗೆ ನಿಮ್ಮ ರೇಡಿಯೊ ಚಂದ್ರಾಮನ ಶರಣು.

ಏಳು ವರ್ಷದ ಮೇಲೆ ನಿಮ್ಮ ಕಾಗದ ಬಂತು. ಮೊದಲು ಗ್ರಾಂಟ್ ರೋಡಿನ ನನ್ನ ಹಳೆಯ ರೇಡಿಯೊ ಅಂಗಡಿಗೆ ಹೋಗಿ, ಅಲ್ಲಿ ವಿಳಾಸ ತಿದ್ದಿಸಿಕೊಂಡು, ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿರುವ ನನ್ನ ಟಿವಿ ರಿಪೇರಿಯ ಮಳಿಗೆ ತಲುಪುವ ಹೊತ್ತಿಗೆ ಹತ್ತು ದಿನ ಕಳೆದಿತ್ತು. ಮೈಸೂರಿನ ಬ್ಯಾಂಕಿನಲ್ಲಿ ಕೆಲಸ, ಮದುವೆಯೂ ಗೊತ್ತಾಗಿದೆ ಎಂದು ಓದಿ ಬಹಳ ಸಂತೋಷವಾಯಿತು. ಗಿಟಾರನ್ನೂ ಅದರ ಗರಗರ ಪೆಟ್ಟಿಗೆಯನ್ನೂ ಈ ತಿಂಗಳ ಕೊನೆಯ ಭಾನುವಾರ ಮಾರುತ್ತಿದ್ದೀರಿ ಎಂಬಲ್ಲಿಗೆ ಬಂದಾಗ ಮಾತ್ರ ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದೆ.

ಮೊದಲು ನಿಮ್ಮ ಪ್ರಶ್ನೆಗೆ ಉತ್ತರ. ಪೆಟ್ಟಿಗೆ ಫಝ್ ಜಾತಿಯದೋ ಡಿಸ್ಟಾರ್ಷನ್ ಜಾತಿಯದೋ ಎಂದು ಕೊಳ್ಳುವವರು ಕೇಳಿದ್ದಾರಂತೆ. ಅದು ಫಝ್. ಎರಡೂ ಗಿಟಾರಿನ ಸ್ವರವನ್ನು ಬೇಕೆಂದೇ ಕೆಡಿಸುವ ಪೆಟ್ಟಿಗೆಗಳೇ, ಆದರೆ ಕೆಡಿಸುವುದರಲ್ಲಿಯೂ ರೀತಿ ಇದೆ. ನಿಮ್ಮ ಗೆಳೆಯನ ಹತ್ತಿರವಿದ್ದ ಜಪಾನಿ ಡಿಸ್ಟಾರ್ಷನ್ ಎಂದರೆ ಬಟ್ಟೆಯನ್ನು ಕತ್ತರಿಯಿಂದ ಕತ್ತರಿಸಿದ ಹಾಗೆ, ಅಂಚು ನೆಟ್ಟಗಿರುತ್ತಿತ್ತು. ಫಝ್ ಅದೇ ಬಟ್ಟೆಯನ್ನು ಕೈಯಿಂದ ಹರಿದ ಹಾಗೆ, ನೂಲೆಲ್ಲ ಹೊರಗೆ. ಫಝ್‌ನಲ್ಲಿ ಮತ್ತೆ ಎರಡು ಬಗೆ. ಒಳಗೆ ಹಳೆಯ ಜರ್ಮೇನಿಯಂ ಟ್ರಾನ್ಸಿಸ್ಟರ್ ಇದ್ದರೆ ಗರಗರ ದುಂಡಗೆ ಬರುತ್ತದೆ, ಸಿಲಿಕಾನ್ ಇದ್ದರೆ ತಗಡು ಕೊಯ್ದ ಹಾಗೆ ಬರುತ್ತದೆ. ನಿಮ್ಮದರಲ್ಲಿ ಈಗಿರುವುದು ಸಿಲಿಕಾನ್. ಅದು ಹುಟ್ಟಿನಿಂದ ಹಾಗಿರಲಿಲ್ಲ. ಅದಕ್ಕೇ ಈ ಕಾಗದ ಉದ್ದವಾಗುತ್ತಿದೆ.

ನಿಮ್ಮ ಕಾಗದದಲ್ಲಿ ನೀವು, ಕಾಲೇಜಿನ ಸಂಗೀತ ಸ್ಪರ್ಧೆಯ ದಿನ ತೀರ್ಪುಗಾರರು ಹೇಳಿದ್ದೇ ಸರಿ, ನನ್ನ ಕೈಯೇ ಒರಟು, ಪೆಟ್ಟಿಗೆಯನ್ನು ದೂರಿದರೆ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗುತ್ತದೆ ಎಂದು ಬರೆದಿದ್ದೀರಿ. ತಿರುಮಲೇಶ, ನೆಲ ನಿಜವಾಗಿಯೂ ಡೊಂಕಾಗಿತ್ತು. ಡೊಂಕು ಮಾಡಿದವನು ನಾನು.

ಎಂಬತ್ನಾಲ್ಕರಲ್ಲಿ, ದೀಪಾವಳಿ ಮುಗಿದ ವಾರ ನೀವು ಮೊದಲ ಸಲ ಅಂಗಡಿಗೆ ಬಂದದ್ದು. ನಾನು ಯಾವುದೋ ಹಟಮಾರಿ ರೇಡಿಯೊಗೆ ಕನ್ನಡದಲ್ಲಿ ಬೈಯುತ್ತಿದ್ದೆ. ಅದನ್ನು ಕೇಳಿ ನಿಮ್ಮ ಮುಖ ಅರಳಿತು. ಹಡಗಿನಲ್ಲಿ ಕೆಲಸ ಮಾಡುವವರೊಬ್ಬರು ವಿಲಾಯತಿಯಿಂದ ತಂದುಕೊಟ್ಟ ಪೆಟ್ಟಿಗೆಯನ್ನು ಮಗುವಿನಂತೆ ಟವಲಿನಲ್ಲಿ ಸುತ್ತಿ ತಂದಿದ್ದಿರಿ. ಕಾಲಿನಿಂದ ಒತ್ತುವ ಸ್ವಿಚ್ ಅಂಟಿಕೊಂಡಿತ್ತು, ಅಷ್ಟೇ. ಅರ್ಧ ಗಂಟೆಯ ಕೆಲಸ.

ಸ್ವಿಚ್ ಬದಲಿಸಿ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪರೀಕ್ಷೆಗೆಂದು ಅದರ ಮೂಲಕ ರೇಡಿಯೊ ಹಾಡಿಸಿದೆ. ಹಾಡುವವಳ ಗಂಟಲು ಹರಿದು ಚಿಂದಿಯಾಗಿ ಬಂತು. ಗಿಟಾರಿನ ವಿಷಯ ನನಗೇನು ಗೊತ್ತು? ರೇಡಿಯೊ ರಿಪೇರಿಯವನಿಗೆ ಗರಗರ ಎಂದರೆ ರೋಗ. ಎರಡು ದಿನ ಕೂತು, ಒಳಗಿನ ಎರಡೂ ಟ್ರಾನ್ಸಿಸ್ಟರ್ ಕಿತ್ತು, ಹೊಸವು ಹಾಕಿ, ನಾಲ್ಕು ರೆಸಿಸ್ಟರ್ ಬದಲಿಸಿ, ರೋಗವನ್ನು ಬೇರುಸಹಿತ ತೆಗೆದೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದೆ. ನೀವು ಬಂದಾಗ ಎದೆಯುಬ್ಬಿಸಿ, "ಪೂರಾ ಸಾಫ್ ಮಾಡೀನ್ರಿ, ಈಗ ಗಂಟಿ ಬಾರಿಸಿದ್ಹಂಗ ಬರ್ತದ" ಎಂದು ಹೇಳಿ ಚಹಾ ಬೇರೆ ತರಿಸಿದ್ದೆ.

ನೀವು ಗಿಟಾರ್ ಜೋಡಿಸಿ ಸ್ವಿಚ್ ಒತ್ತಿದಿರಿ. ತಂತಿ ಮೀಟಿದಿರಿ. ಮತ್ತೆ ಒತ್ತಿದಿರಿ. ಆಮೇಲೆ ಸ್ಟೂಲಿನ ಮೇಲೆ ಮೆಲ್ಲಗೆ ಕೂತು, "ಚಂದ್ರಾಮಣ್ಣ, ಅದು ಕೆಟ್ಟಿರಲಿಲ್ಲ. ಅದರ ಕೆಲಸಾನೇ ಅದು" ಎಂದಿರಿ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮುಖ ನೋಡಿ ನಿಮಗೇ ನಗು ಬಂದುಬಿಟ್ಟಿತು. ನಕ್ಕು ಮುಗಿದ ಮೇಲೆ ಹಳೆಯ ಟ್ರಾನ್ಸಿಸ್ಟರ್ ಎಲ್ಲಿ ಎಂದು ಕೇಳಿದಿರಿ. ಕಸಕ್ಕೆ ಹೋದವು ಎಂದೆ.

ಆಮೇಲಿನ ಮೂರು ಭಾನುವಾರಗಳನ್ನು ನಾನು ಮರೆಯಲಾರೆ. ಬೆಳಿಗ್ಗೆ ಫುಟ್‌ಪಾತಿನಲ್ಲಿ ಹಳೆಯ ಸಾಮಾನು ಹುಡುಕುವುದು, ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದೊಂದೇ ಟ್ರಾನ್ಸಿಸ್ಟರ್ ಜೋಡಿಯನ್ನು ಪೆಟ್ಟಿಗೆಗೆ ಬೆಸುಗೆ ಹಾಕಿ ಕೇಳುವುದು. ಒಂದು ಜೋಡಿ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಎಂದು ಸುಮ್ಮನಾಯಿತು. ಇನ್ನೊಂದು ಡಬ್ಬಿಯಲ್ಲಿ ಸಿಕ್ಕ ದುಂಬಿ. ಮೇಲಿನ ಲಾಡ್ಜಿನ ಮ್ಯಾನೇಜರ್ ಕೊರಗಪ್ಪ ಕಿಟಕಿಯಿಂದ ತಲೆ ಹಾಕಿ, "ಎಂತ ಮಾರಾಯ್ರೆ, ಅದು ಮಿಕ್ಸಿಯಾ, ಇಲ್ಲ ಯಾರನ್ನಾದ್ರೂ ಕೊಲ್ತಾ ಇದ್ದೀರಾ?" ಎಂದು ಕೇಳುತ್ತಿದ್ದರು. ನೀವು ಒಂದೇ ತಂತಿಯನ್ನು ಮೀಟಿ, ಅದು ಎಷ್ಟು ಹೊತ್ತು ಉಳಿಯುತ್ತದೆ ಕೇಳಣ್ಣಾ ಎನ್ನುತ್ತಿದ್ದಿರಿ. ಗರಗರವನ್ನು ಓಡಿಸುವುದೇ ಹೊಟ್ಟೆಪಾಡಾಗಿದ್ದ ನಾನು ಮೂರನೆಯ ಭಾನುವಾರದ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ಯಾವ ಜೋಡಿ ಎಂದು ಹೇಳುತ್ತಿದ್ದೆ. ಒಳ್ಳೆಯ ಜರ್ಮೇನಿಯಂ ಮಾತ್ರ ಸಿಗಲಿಲ್ಲ. ಸಿಕ್ಕವೂ ಸತ್ತಿದ್ದವು. ಕಡೆಗೆ ಇದ್ದದ್ದರಲ್ಲಿ ವಾಸಿಯಾದ ಸಿಲಿಕಾನ್ ಜೋಡಿ ಹಾಕಿಕೊಟ್ಟೆ.

ಸ್ಪರ್ಧೆಯ ಸಂಜೆ ಕಾಲೇಜಿನ ಸಭಾಂಗಣದಲ್ಲಿ ನಾನು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ನೀವು ಕಾಲಿನಿಂದ ಸ್ವಿಚ್ ಒತ್ತಿದ ಕೂಡಲೇ ಜನ ಕಿವಿ ಮುಚ್ಚಿಕೊಂಡರು. ಆ ದೊಡ್ಡ ಸ್ಪೀಕರಿನಲ್ಲಿ ತಗಡು ಕೊಯ್ಯುವ ಸದ್ದು ಇನ್ನೂ ಹರಿತವಾಗಿತ್ತು. ಹುಡುಗನ ಕೈ ತೀರ ಒರಟು ಎಂದು ತೀರ್ಪುಗಾರರು ಮೈಕಿನಲ್ಲೇ ಹೇಳಿದರು. ಬೆಡ್‌ಶೀಟಿನಲ್ಲಿ ಗಿಟಾರ್ ಸುತ್ತಿಕೊಂಡ ನಿಮ್ಮ ಜೊತೆ ಸ್ಟೇಷನ್ನಿನವರೆಗೆ ನಡೆದೆ. ಹೇಳಬೇಕಾದ ಮಾತು ಬಾಯಲ್ಲೇ ಇತ್ತು. ಅಷ್ಟರಲ್ಲಿ ಬೊರಿವಲಿ ಲೋಕಲ್ ಬಂತು, ನೀವು ಹತ್ತಿದಿರಿ. ಬ್ಯಾಂಕ್ ಪರೀಕ್ಷೆಗೆ ಕೂತಿರೆಂದೂ ಗಿಟಾರನ್ನು ಮುಟ್ಟುತ್ತಿಲ್ಲವೆಂದೂ ಆಮೇಲೆ ನಿಮ್ಮ ಗೆಳೆಯನಿಂದ ತಿಳಿಯಿತು.

ಆ ಮಾತು ಇದು. ನಿಮ್ಮ ಟ್ರಾನ್ಸಿಸ್ಟರುಗಳು ಕಸಕ್ಕೆ ಹೋಗಿರಲಿಲ್ಲ. ಪರೇಲಿನಲ್ಲಿ ಮಿಲ್ ಕೆಲಸಗಾರರ ಚಾಳಿನಲ್ಲಿ ಸುಂದ್ರವ್ವ ಎಂಬ ಹಳೆಯ ಗಿರಾಕಿ ಇದ್ದಳು. ಅವಳ ಗಂಡ ಅಣವೀರಪ್ಪ ಮಿಲ್ಲಿನವನು, ಮುಷ್ಕರದಲ್ಲಿ ಕೆಲಸ ಹೋಗಿ ಊರು ಸೇರಿದ್ದ. ಅವಳಿಗೆ ಮನೆಯಲ್ಲಿ ಮಾತಾಡುವ ಜೀವ ಎಂದರೆ ರೇಡಿಯೊ ಒಂದೇ, ಅದೂ ಮೂಕಾಗಿತ್ತು. ನಿಮ್ಮ ಜೋಡಿ ಅದಕ್ಕೆ ಸರಿಯಾಗಿ ಹೊಂದಿತು. ನೀವು ಪೆಟ್ಟಿಗೆ ಒಯ್ಯಲು ಬರುವ ಹಿಂದಿನ ದಿನವೇ ಕೂರಿಸಿಕೊಟ್ಟಿದ್ದೆ. ಕೆಟ್ಟ ಪೆಟ್ಟಿಗೆಯ ಕೆಟ್ಟ ಭಾಗ, ಯಾರಿಗೆ ನಷ್ಟ ಎಂದುಕೊಂಡಿದ್ದೆ.

ಸ್ಪರ್ಧೆಯ ದಿನ ಬೆಳಿಗ್ಗೆ ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡು ಪರೇಲಿಗೆ ಹೋದೆ, ವಾಪಸು ಕಿತ್ತು ತರೋಣವೆಂದು. ರೇಡಿಯೊದಲ್ಲಿ ಭಜನೆ ಬರುತ್ತಿತ್ತು. ಅವಳು ಅದರ ಜೊತೆ ಗುನುಗುತ್ತ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕೂರಿಸಿ, ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಾಕಿಕೊಟ್ಟು, "ನಿನ್ನಿಂದ ಮನ್ಯಾಗ ಮನಶ್ಯಾರು ಬಂದ್ಹಂಗ ಆಗೇದ ನೋಡಪಾ" ಎಂದಳು. ಎರಡು ರೊಟ್ಟಿ ತಿಂದು, ಕೈ ತೊಳೆದು, ಸ್ಕ್ರೂಡ್ರೈವರನ್ನು ಜೇಬಿನಿಂದ ತೆಗೆಯದೆ ವಾಪಸು ಬಂದೆ.

ಹೀಗಾಗಿ ತೀರ್ಪುಗಾರರು ಕೇಳಿದ್ದು ನನ್ನ ಬೆಸುಗೆಯನ್ನು, ನಿಮ್ಮ ಕೈಯನ್ನಲ್ಲ. ನಿಮ್ಮ ಕೈಯನ್ನು ಮೂರು ಭಾನುವಾರ ಒಂದು ಮೊಳ ದೂರದಿಂದ ಕೇಳಿದವನು ನಾನು. ಪೆಟ್ಟಿಗೆ ಇಲ್ಲದೆ ಬರೀ ಗಿಟಾರ್ ನುಡಿಸುತ್ತಿದ್ದಾಗ ಕೊರಗಪ್ಪ ಕೂಡ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದರು. ಮದುವೆಯ ಮನೆಯಲ್ಲಿ ಜಾಗ ಸಾಲದೆಂದು ಮಾರುವುದಾದರೆ ಮಾರಿ, ನಾನು ಬೇಡವೆನ್ನುವುದಿಲ್ಲ. ಕೈ ಒರಟು ಎಂಬ ಕಾರಣಕ್ಕೆ ಮಾತ್ರ ಮಾರಬೇಡಿ. ತಂದೆ ಕೇಶವಮೂರ್ತಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಕ್ಷಮೆ ಕೇಳುವ,
ಚಂದ್ರಾಮ

ತಾ. ಕ.: ಲಕೋಟೆಗೆ ಗೋಂದು ಹಚ್ಚಿ ಆಗಿತ್ತು. ಬಿಡಿಸಿ ಬರೆಯುತ್ತಿದ್ದೇನೆ. ಸುಂದ್ರವ್ವ ನನ್ನ ಗಿರಾಕಿ ಅಲ್ಲ, ನನ್ನ ಅವ್ವ. ನಾನು ಅಂಗಡಿಯಲ್ಲೇ ಮಲಗುತ್ತಿದ್ದೆ, ಮನೆಯಲ್ಲಿ ಅವಳು ಒಬ್ಬಳೇ. ಒಬ್ಬ ಗಿರಾಕಿಯ ಸಾಮಾನು ಇನ್ನೊಬ್ಬರಿಗೆ ಹೋದರೆ ನಮ್ಮ ಕಸುಬಿನಲ್ಲಿ ತಪ್ಪು ಎನ್ನುತ್ತಾರೆ, ಸ್ವಂತ ಮನೆಗೆ ಹೋದರೆ ಕಳವು ಎನ್ನುತ್ತಾರೆ. ಆ ಶಬ್ದಕ್ಕೆ ಹೆದರಿ ಏಳು ವರ್ಷ ಬಾಯಿ ಬಿಡಲಿಲ್ಲ, ಈ ಕಾಗದದಲ್ಲೂ ಬಚ್ಚಿಟ್ಟೆ. ಆದರೆ ಇದೊಂದು ಸುಳ್ಳನ್ನು ಉಳಿಸಿಕೊಂಡು ಅಂಚೆಗೆ ಹಾಕಿದರೆ, ನಿಮ್ಮ ಕೈ ಚೆನ್ನಾಗಿತ್ತು ಎಂಬ ನನ್ನ ಮಾತನ್ನು ನೀವು ಯಾಕೆ ನಂಬಬೇಕು?